ಅಪೀಲಿನ ಗಡುವು ತೀರ್ಪಿನ ದಿನವೇ ಶುರು



ಬಳ್ಳಾರಿಯ ಕೌಲ್ ಬಜಾರಿನ ಒಂದು ಚಹಾದಂಗಡಿಯಲ್ಲಿ ಕುಳಿತಿದ್ದಾಗ ಸಿರುಗುಪ್ಪ ಕಡೆಯ ವಯಸ್ಸಾದ ರೈತರೊಬ್ಬರು ಎದುರಿಗೆ ಬಂದು ಕುಳಿತರು. ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ; ಅದರೊಳಗೆ ಪಹಣಿ, ಕಂದಾಯದ ರಸೀದಿ, ಮಡಿಕೆ ಹರಿದ ಕ್ರಯಪತ್ರ. ನಾಲೆ ಕೆಳಗಿನ ಗದ್ದೆಯ ದಾವೆ ಸೋತಿದ್ದರು.

"ತಾತಾ, ತೀರ್ಪಾಗಿ ಎಷ್ಟು ದಿನ ಆತು?" ಎಂದೆ.

"ನಾಟಿಗಿಂತ ಮುಂಚೆ ಆತಪ್ಪ. ಈಗ ಕೊಯ್ಲು ಬಂತು. ಅಪೀಲು ಹಾಕ್ತೀನಂತ ಒಬ್ಬಾತ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗ್ಯಾನ."

ಚೀಲವನ್ನೆಲ್ಲ ಹುಡುಕಿದೆವು. ತೀರ್ಪಿನ ದೃಢೀಕೃತ ನಕಲು ಇರಲಿಲ್ಲ. ನಕಲಿಗೆ ಅರ್ಜಿ ಕೊಟ್ಟ ಗುರುತೂ ಇರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡವನು ವಕೀಲನೋ ಗುಮಾಸ್ತನೋ ದಲ್ಲಾಳಿಯೋ ಅವರಿಗೆ ತಿಳಿಯದು.

ಕೌಲು ಎಂದರೆ ಬರಹದಲ್ಲಿ ಕೊಟ್ಟ ಕರಾರು, ಭರವಸೆ ಪತ್ರ. ಆ ಹೆಸರಿನ ಬಜಾರಿನಲ್ಲಿ ಕುಳಿತು, ಬರಿ ಕಾಗದದ ಮೇಲೆ ಹೆಬ್ಬೆಟ್ಟು ಕೊಟ್ಟವರ ಮಾತು ಕೇಳಿ ನನಗೆ ಬಹಳ ಹೊತ್ತು ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ರೈತರಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. ಕೆಳಗಿನ ಕೋರ್ಟಿನಲ್ಲಿ ಸೋತರೆ ಮೇಲಿನದು ಇದೆ, ಅದೂ ಹೋದರೆ ಹೈಕೋರ್ಟು ಇದೆ, ಅವಸರವೇನು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆ ಹಾಗೆ ಹೇಳುವುದಿಲ್ಲ. ಹೊಲ ಯಾರ ಸ್ವಾಧೀನದಲ್ಲಿತ್ತು, ಬದು ಎಲ್ಲಿತ್ತು, ಹಣ ಕೊಟ್ಟದ್ದು ನಿಜವೇ ಎಂಬ ಸಂಗತಿಗಳನ್ನು ಪೂರ್ತಿಯಾಗಿ ತೂಗಿ ನೋಡುವುದು ಮೊದಲನೆಯ ಅಪೀಲಿನಲ್ಲಿ ಮಾತ್ರ. ಎರಡನೆಯ ಅಪೀಲು ಹೈಕೋರ್ಟಿಗೆ ಹೋಗುತ್ತದೆ. ಅಲ್ಲಿ 100ನೇ ಕಲಮಿನ ಪ್ರಕಾರ ಮಹತ್ವದ ಕಾನೂನಿನ ಪ್ರಶ್ನೆ ಇದ್ದರಷ್ಟೇ ಪ್ರವೇಶ. ಆದ್ದರಿಂದ ಮೊದಲನೆಯ ಅಪೀಲಿನ ಕಾಗದವನ್ನು ಯಾರೋ ಅವಸರದಲ್ಲಿ ಗೀಚಿ ಕೊಟ್ಟರೆ ನಿಮ್ಮ ಗದ್ದೆಯ ಕಥೆ ಅಲ್ಲಿಗೇ ಮುಗಿದ ಹಾಗೆ.

ಇನ್ನು ದಿನಗಳ ಲೆಕ್ಕ. 1963ರ ಕಾಲಪರಿಮಿತಿ ಕಾಯಿದೆಯ ಮೇರೆಗೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ಯಾವ ಕೋರ್ಟಿಗೆ ಹೋಗಬೇಕೆಂಬುದು ದಾವೆಯ ಬೆಲೆಯನ್ನೂ ತೀರ್ಪು ಕೊಟ್ಟ ಕೋರ್ಟನ್ನೂ ಅವಲಂಬಿಸಿದೆ. ಹೈಕೋರ್ಟಿಗೇ ಹೋಗಬೇಕಾದರೆ ನಮ್ಮ ಜಿಲ್ಲೆಯವರಿಗೆ ಬೆಂಗಳೂರಿನ ದಾರಿ ತಪ್ಪಿದೆ. 2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆದ ಧಾರವಾಡ ಪೀಠ ಇದೆ.

ನಕಲು ಪಡೆಯಲು ಬೇಕಾದ ದಿನಗಳನ್ನು ಗಡುವಿನಿಂದ ಕಳೆಯುತ್ತಾರೆ. ಇದನ್ನು ಕೇಳಿದ ಕೆಲವರು "ಹಾಗಾದರೆ ನಿಧಾನವಾಗಿ ಅರ್ಜಿ ಕೊಟ್ಟರಾಯಿತು" ಎನ್ನುತ್ತಾರೆ. ಒಂದು ಲೆಕ್ಕ ನೋಡಿ. ಜೂನ್ 1ರಂದು ತೀರ್ಪಾಯಿತೆನ್ನಿ. ಜೂನ್ 3ಕ್ಕೆ ನಕಲಿನ ಅರ್ಜಿ ಕೊಟ್ಟಿರಿ, 20ಕ್ಕೆ ನಕಲು ಸಿದ್ಧವಾಯಿತು. ಆ 18 ದಿನ ಕಳೆದು ಜುಲೈ 19ರವರೆಗೆ ನಿಮಗೆ ಕಾಲವಿದೆ; ನಕಲು ಕೈಯಲ್ಲಿ ಹಿಡಿದು ಅಪೀಲು ಬರೆಸಲು 29 ದಿನ. ಅದೇ ಜೂನ್ 25ಕ್ಕೆ ಅರ್ಜಿ ಕೊಟ್ಟು ಜುಲೈ 12ಕ್ಕೆ ನಕಲು ಸಿದ್ಧವಾದರೂ ಕಳೆಯುವುದು ಅದೇ 18 ದಿನ, ಗಡುವು ಅದೇ ಜುಲೈ 19. ಆದರೆ ಬರೆಸಲು ಉಳಿದದ್ದು 7 ದಿನ. ಆ ವಾರದಲ್ಲಿ ವಕೀಲರು ಊರಲ್ಲಿಲ್ಲ, ನಿಮ್ಮ ಮನೆಯಲ್ಲಿ ಜ್ವರ, ಹೊಲಕ್ಕೆ ನೀರಿನ ಸರದಿ. ಇನ್ನು 30 ದಿನ ಮುಗಿದ ಮೇಲೆ ಅರ್ಜಿ ಕೊಟ್ಟರೆ ಈ ರಿಯಾಯಿತಿ ಉಪಯೋಗಕ್ಕೆ ಬಾರದು. ನಕಲು ಸಿದ್ಧವಾದ ಮೇಲೆ ಅದನ್ನು ತರಲು ಹೋಗದೆ ಕಳೆದ ದಿನಗಳೂ ನಿಮ್ಮ ಲೆಕ್ಕಕ್ಕೇ ಬೀಳುತ್ತವೆ.

ತಡವಾದವರು ಎದೆಗೆಡಬೇಕಿಲ್ಲ. 5ನೇ ಕಲಮಿನಂತೆ ವಿಳಂಬ ಮನ್ನಿಸಲು ಅರ್ಜಿ ಹಾಕಬಹುದು. ಜೊತೆಗೆ ಪ್ರಮಾಣಪತ್ರ ಬೇಕು. "ಅನಾರೋಗ್ಯವಿತ್ತು" ಎಂಬ ಒಂದೇ ಸಾಲು ಸಾಲದು. ಯಾವ ಆಸ್ಪತ್ರೆ, ಯಾವ ದಿನದಿಂದ ಯಾವ ದಿನದವರೆಗೆ, ಚೀಟಿ ಎಲ್ಲಿದೆ ಎಂಬುದೆಲ್ಲ ಬರಬೇಕು. ಹಿಂದೆ ಹೇಳಿದ ತಾತನವರಿಗೆ ಈಗ ಉಳಿದಿರುವುದು ಇದೊಂದೇ ದಾರಿ.

ಅಪೀಲಿನ ಕಾಗದದಲ್ಲಿ ಏನಿರಬೇಕು? ನಮ್ಮವರು ದಾವೆಯ ಕಥೆಯನ್ನು ಅಜ್ಜನ ಕಾಲದಿಂದ ಮತ್ತೆ ಹೇಳಿಸಲು ಹೊರಡುತ್ತಾರೆ. ಅಪೀಲು ತೀರ್ಪಿಗೆ ಕೊಡುವ ಉತ್ತರ. ತೀರ್ಪಿನ ಯಾವ ಮಾತು ತಪ್ಪು, ಯಾವ ಸಾಕ್ಷಿಯನ್ನು ಬಿಟ್ಟುಬಿಟ್ಟರು, ಯಾವ ದಾಖಲೆಯನ್ನು ತಪ್ಪಾಗಿ ಓದಿದರು ಎಂದು ಒಂದೊಂದಾಗಿ ಅಂಕಿ ಹಾಕಿ ಬರೆಯಬೇಕು. ಆದಕಾರಣ ವಕೀಲರ ಎದುರು ಕುಳಿತು, ತೀರ್ಪನ್ನು ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಿ. ಕೇಳಲು ಸಂಕೋಚ ಬೇಡ. ಕೆಳಗಿನ ಕೋರ್ಟಿನಲ್ಲಿ ಹಾಜರುಪಡಿಸದ ಹೊಸ ದಾಖಲೆಯನ್ನು ಅಪೀಲಿನಲ್ಲಿ ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬಲವಾದ ಕಾರಣ ಎರಡೂ ಬೇಕು. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಅನೇಕರ ಮನೆಯ ಹಳೆಯ ಕಾಗದಗಳು ತೆಲುಗಿನಲ್ಲಿವೆ. ಓದಲಾಗದೆಂದು ಅವನ್ನು ಪೆಟ್ಟಿಗೆಯಲ್ಲೇ ಬಿಟ್ಟು ದಾವೆ ನಡೆಸುವುದು ಅವಿವೇಕ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಪ್ರತ್ಯೇಕ ಅರ್ಜಿ ಕೊಡದಿದ್ದರೆ, ನಿಮ್ಮ ಅಪೀಲು ಅಲ್ಲಿ ನಡೆಯುತ್ತಿರುವಾಗಲೇ ಇಲ್ಲಿ ಅಮೀನರು ಬಂದು ಪೈರು ನಿಂತ ಗದ್ದೆಯನ್ನು ಎದುರಾಳಿಗೆ ವಹಿಸಬಹುದು. ಒಪ್ಪಿ ರಾಜಿಯಾದ ಡಿಕ್ರಿಯ ಮೇಲೂ ಲೋಕ ಅದಾಲತ್ತಿನ ತೀರ್ಮಾನದ ಮೇಲೂ ಅಪೀಲಿಲ್ಲ ಎಂಬುದು ಸಹಿ ಮಾಡುವ ಮುಂಚೆಯೇ ನೆನಪಿರಲಿ.

ಹಣವಿಲ್ಲವೆಂದು ದಲ್ಲಾಳಿಯ ಬೆನ್ನು ಹತ್ತಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ನೆರೆ ಅಥವಾ ಬರಕ್ಕೆ ತುತ್ತಾದವರಿಗೆ, ಸರ್ಕಾರ ಗೊತ್ತುಮಾಡಿದ ಮಿತಿಗಿಂತ ಕಡಿಮೆ ವರಮಾನದವರಿಗೆ ವಕೀಲರ ನೆರವು ಉಚಿತ. ಹೆಂಗಸರಿಗೆ ವರಮಾನದ ಪ್ರಶ್ನೆಯೇ ಇಲ್ಲ. ತವರಿನ ಪಾಲಿಗಾಗಿ ದಾವೆ ಹೂಡಿದ ಹೆಣ್ಣುಮಗಳು ಸ್ಥಿತಿವಂತಳಾದರೂ ಕೇಳಬಹುದು. ಕೋರ್ಟು ಶುಲ್ಕ, ನಕಲಿನ ಖರ್ಚು, ಅಪೀಲು ಬರೆಸುವ ಖರ್ಚು ಇದರಲ್ಲಿ ಸೇರುತ್ತವೆ. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿರಬೇಕು, ಅಷ್ಟೆ. ಸಿರುಗುಪ್ಪದವರು ಅಲ್ಲಿನ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಕುರುಗೋಡಿನವರು ಬಳ್ಳಾರಿಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು. ಅರ್ಜಿ ಕನ್ನಡದಲ್ಲಿದ್ದರೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯ ಸಿಬ್ಬಂದಿ ಬರೆದುಕೊಳ್ಳಬೇಕು. 15100 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಇಷ್ಟಿದ್ದರೂ ನೆರವು ತಡವಾಗಿಯೇ ತಲುಪುತ್ತಿದೆ ಎಂಬುದು ನನ್ನ ದೂರು. ಸಮಿತಿಯವರು ಶಿಬಿರ ಮಾಡುತ್ತಾರೆ, ಭಾಷಣ ಮಾಡುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ. ಅದರ ಬದಲು ಸಂತೆಯ ದಿನ ಒಬ್ಬ ವಕೀಲರು ಪಂಚಾಯಿತಿ ಕಟ್ಟೆಯ ಮೇಲೆ ಎರಡು ತಾಸು ಕುಳಿತು, ಆ ವಾರ ದಾವೆ ಸೋತವರಿಗೆ ನಕಲಿನ ಅರ್ಜಿಯನ್ನಷ್ಟಾದರೂ ತುಂಬಿ ಕೊಡಲಿ. ಸೋತವರ ಊರು, ಹೆಸರು ಕೋರ್ಟಿನ ದಾಖಲೆಯಲ್ಲಿಯೇ ಇರುತ್ತವೆ. ತೀರ್ಪಿನ ದಿನವೇ ನೆರವಿನ ಚೀಟಿಯೊಂದನ್ನು ಕೈಗೆ ಕೊಡುವುದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ.

ಅಲ್ಲಿಯವರೆಗೆ, ಈ ಪುಟ ಓದುತ್ತಿರುವ ವಾಚನಾಲಯದಲ್ಲಿ ಯಾರದಾದರೂ ದಾವೆ ತೀರ್ಪಿಗೆ ಬಂದಿದ್ದರೆ, ಅಂದು ಅವರ ಜೊತೆ ಅಕ್ಷರ ಬಲ್ಲ ಹುಡುಗನೊಬ್ಬ ಕೋರ್ಟಿಗೆ ಹೋಗಲಿ. ನಕಲಿನ ಅರ್ಜಿ ಕೊಟ್ಟು, ಅದರ ನಂಬರನ್ನೂ ತಾರೀಖನ್ನೂ ಬರೆದುಕೊಂಡೇ ಇಬ್ಬರೂ ಬಸ್ಸು ಹತ್ತಲಿ.