ಹೊಳಪು ಇಳಿದ ಮಾತ್ರಕ್ಕೆ ಔಷಧ ಅಂಟಿತೆಂದಲ್ಲ

ಎಂ.ಎಸ್ಸಿ. ಪ್ರಾಜೆಕ್ಟ್‌ಗಳ ವೈವಾ ಶುರುವಾಯಿತೆಂದರೆ ಒಂದು ಬಗೆಯ ವರದಿ ನನ್ನ ಮೇಜಿಗೆ ಬಂದೇ ಬರುತ್ತದೆ. ಅರಿಸಿನದ ಕರ್ಕ್ಯುಮಿನ್ನನ್ನೋ ಚಹಾದ ಟ್ಯಾನಿನ್ನನ್ನೋ ಯಾವುದೋ ಸೊಪ್ಪಿನ ಸಾರವನ್ನೋ ಅಲ್ಬುಮಿನ್ ಪ್ರೋಟೀನಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಿರುತ್ತಾರೆ. ಪ್ರೋಟೀನಿನ ಪ್ರತಿದೀಪ್ತಿ, ಅಂದರೆ ಬೆಳಕು ಬಿದ್ದಾಗ ಅದು ಸೂಸುವ ಹೊಳಪು, ಇಳಿಯುತ್ತಾ ಹೋಗಿರುತ್ತದೆ. ಕೊನೆಯ ಪುಟದಲ್ಲಿ, ಈ ವಸ್ತು ಪ್ರೋಟೀನಿಗೆ ಬಲವಾಗಿ ಅಂಟುತ್ತದೆ, ಔಷಧವಾಗಬಲ್ಲದು ಎಂಬ ತೀರ್ಮಾನ. ಗ್ರಾಫ್ ಚೆಂದ, ಗೆರೆಯೂ ನೇರ. ‘ಬೆರೆಸಿದ ದ್ರಾವಣ ಬೆಳಕನ್ನು ಎಷ್ಟು ಹೀರುತ್ತಿತ್ತು, ಅಳೆದಿದ್ದೀಯೇನಮ್ಮ?’ ಎಂದು ಕೇಳುತ್ತೇನೆ. ಹೆಚ್ಚಿನವರು ಗೈಡ್ ಮುಖ ನೋಡುತ್ತಾರೆ.

ಆ ಪ್ರಶ್ನೆ ಏಕೆಂದು ತಿಳಿಯಲು, ಪಾಲಕ್ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ಅರೆದು ಸೋಸಿ, ಗಾಜಿನ ಲೋಟಕ್ಕೆ ಹಾಕಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡಿ. ಟಾರ್ಚ್ ತಾಗಿದ ಗೋಡೆಯ ಒಳಬದಿಯಲ್ಲಿ ರಕ್ತಗೆಂಪಿನ ತೆಳು ಪದರವೊಂದು ಹೊಳೆಯುತ್ತದೆ. ಲೋಟದ ನಡುಭಾಗ ಮಾತ್ರ ಕತ್ತಲು. ಇನ್ನಷ್ಟು ಸ್ಪಿರಿಟ್ ಸುರಿಯುತ್ತಾ ಬಂದರೆ ಕೆಂಪು ಒಳಕ್ಕೆ ಹಬ್ಬುತ್ತದೆ. ಪ್ರತಿದೀಪ್ತಿ ಅಳೆಯುವ ಸಾಮಾನ್ಯ ಫ್ಲೋರಿಮೀಟರಿನ ಕಣ್ಣು ಇರುವುದು ಬೆಳಕು ಬರುವ ದಿಕ್ಕಿಗೆ 90 ಡಿಗ್ರಿಯಲ್ಲಿ, ಅದು ದಿಟ್ಟಿಸುವುದು ದ್ರಾವಣ ತುಂಬಿದ 1 ಸೆಂ.ಮೀ. ಕ್ಯುವೆಟ್ಟಿನ ನಟ್ಟನಡುವನ್ನು. ದ್ರಾವಣ ಗಾಢವಾಗಿದ್ದರೆ ಅಲ್ಲಿಗೆ ಬೆಳಕೇ ತಲುಪಿರುವುದಿಲ್ಲ. ತಲುಪಿದ ಅಷ್ಟಿಷ್ಟರಿಂದ ಹುಟ್ಟಿದ ಹೊಳಪನ್ನೂ ಹೊರಬರುವ ದಾರಿಯಲ್ಲಿ ಅದೇ ದ್ರಾವಣ ಮತ್ತೆ ಹೀರುತ್ತದೆ.

ಇದೇನೂ ಹೊಸ ಸಂಗತಿಯಲ್ಲ. ವಿಜ್ಞಾನಿ ಜಾನ್ ಹರ್ಷಲ್ 1845ರಲ್ಲೇ ಕ್ವಿನೈನ್ ದ್ರಾವಣದ ನೀಲಿ ಹೊಳಪು ಬೆಳಕು ಒಳಹೊಗುವ ಅಂಚಿಗೆ ಅಂಟಿಕೊಂಡಿರುವುದನ್ನು ಗಮನಿಸಿದ್ದ. ಒಮ್ಮೆ ಆ ದ್ರಾವಣ ಹಾದುಬಂದ ಬೆಳಕು ಇನ್ನೊಂದು ಪಾತ್ರೆಯ ಕ್ವಿನೈನನ್ನು ಹೊಳೆಯಿಸಲಾರದು ಎಂಬುದನ್ನೂ ಕಂಡಿದ್ದ.

ಈಗ ಲೆಕ್ಕಕ್ಕೆ ಬರೋಣ. ಅಲ್ಬುಮಿನ್ನಿಗೆ 280 ನ್ಯಾನೋಮೀಟರ್ ಬೆಳಕು ಕೊಟ್ಟು, 340ರ ಆಸುಪಾಸಿನಲ್ಲಿ ಹೊಳಪು ಅಳೆಯುತ್ತೇವೆ. ಬೆರೆಸಿದ ಸಾರದ ಹೀರಿಕೆ 280ರಲ್ಲಿ 0.6, 340ರಲ್ಲಿ 0.2 ಎಂದಿಟ್ಟುಕೊಳ್ಳಿ. ಒಳಹೋಗುವ ಬೆಳಕೂ ಹೊರಬರುವ ಹೊಳಪೂ ಸಾಗುವುದು ಅರ್ಧ ಕ್ಯುವೆಟ್ಟಿನಷ್ಟೇ, ಹಾಗಾಗಿ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.4. ಹತ್ತರ ಘಾತ 0.4 ಎಂದರೆ ಸುಮಾರು 2.5. ಅಂದರೆ ಯಂತ್ರ ತೋರಿಸುವುದು ನಿಜವಾದ ಹೊಳಪಿನ ಶೇ 40 ಮಾತ್ರ. ಒಂದೇ ಒಂದು ಅಣು ಪ್ರೋಟೀನಿಗೆ ಅಂಟದಿದ್ದರೂ ಗ್ರಾಫ್ ಶೇ 60ರಷ್ಟು ಕುಸಿಯುತ್ತದೆ! ಇದನ್ನೇ ‘ಬಲವಾದ ಬಂಧ’ ಎಂದು ಬರೆದರೆ ಏನು ಹೇಳುವುದು?

ಸರಿಪಡಿಸುವ ದಾರಿಗಳು ಗೊತ್ತಿರುವಂಥವೇ. ಬರೀ ಬಣ್ಣದ ದ್ರಾವಣವಾದರೆ ಹೀರಿಕೆ 0.1ಕ್ಕಿಂತ ಕೆಳಗಿಳಿಯುವವರೆಗೆ ತೆಳುಮಾಡಿದರಾಯಿತು. ಪ್ರೋಟೀನ್ ಪ್ರಯೋಗದಲ್ಲಿ ಹಾಗೆ ಮಾಡಿದರೆ ಅಂಟಿದ್ದೂ ಬಿಟ್ಟುಹೋಗಬಹುದು. ಅಲ್ಲಿ 3 ಮಿ.ಮೀ. ಕ್ಯುವೆಟ್ ಬಳಸಿ, ಇಲ್ಲವೇ ಬೆಳಕು ಬಿದ್ದ ಮುಖದಿಂದಲೇ ಹೊಳಪು ಅಳೆಯಿರಿ. ಮೇಲಿನ ಲೆಕ್ಕದಿಂದ ತಿದ್ದಬಹುದು, ಆದರೆ ಹೀರಿಕೆ ಏರಿದಷ್ಟೂ ಆ ಲೆಕ್ಕ ಸಡಿಲವಾಗುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಜೋಡಿ ಪ್ರಯೋಗದಲ್ಲಿ. ಪ್ರೋಟೀನಿನ ಬದಲು, ಅದರಲ್ಲಿ ಹೊಳೆಯುವ ಅಮೈನೋ ಆಮ್ಲವಾದ ಟ್ರಿಪ್ಟೊಫಾನನ್ನು ಬಿಡಿಯಾಗಿ ತೆಗೆದುಕೊಂಡು ಅದೇ ಸಾರವನ್ನು ಅದೇ ಅಳತೆಯಲ್ಲಿ ಬೆರೆಸಿ. ಅಂಟಿಕೊಳ್ಳಲು ಅಲ್ಲಿ ಪ್ರೋಟೀನೇ ಇಲ್ಲ. ಆದರೂ ಹೊಳಪು ಅಷ್ಟೇ ಇಳಿದರೆ ನಿಮ್ಮ ‘ಬಂಧ’ವನ್ನು ಅನುಮಾನಿಸಲೇಬೇಕು.

‘ಎಲ್ಲರೂ ಹೀಗೇ ಮಾಡುತ್ತಾರೆ ಮೇಡಂ, ಜರ್ನಲ್‌ಗಳೂ ಒಪ್ಪುತ್ತವೆ’ ಎನ್ನುವ ಗೈಡ್‌ಗಳಿದ್ದಾರೆ. ಹೀಗೆ ಅಚ್ಚಾದ ಬಂಧದ ಅಂಕಿಯನ್ನೇ ನಂಬಿ ಮುಂದಿನ ವರ್ಷ ಇನ್ನೊಬ್ಬ ಹುಡುಗಿ ಪಿಎಚ್.ಡಿ. ವಿಷಯ ಆರಿಸಿಕೊಳ್ಳುತ್ತಾಳೆ, ಫೆಲೋಶಿಪ್ಪಿನ ವರ್ಷಗಳನ್ನು ಅದರ ಮೇಲೆ ಸುರಿಯುತ್ತಾಳೆ. ಅವಳಿಗೆ ಆಗುವ ಅನ್ಯಾಯ ನನ್ನನ್ನು ಕಾಡುತ್ತದೆ. ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಈ ಪ್ರಾಜೆಕ್ಟ್‌ಗಳು ನಡೆಯುವ ವಿಭಾಗಗಳ ಲ್ಯಾಬುಗಳಲ್ಲೇ ಇದೆ, ಒಂದು ಸ್ಯಾಂಪಲ್ಲಿಗೆ ಕೆಲವೇ ನಿಮಿಷ ಸಾಕು. ಪ್ರತಿದೀಪ್ತಿಯ ಪ್ರತಿ ಅಂಕಿಯ ಪಕ್ಕದಲ್ಲಿ ಎರಡೂ ತರಂಗಾಂತರಗಳ ಹೀರಿಕೆಯನ್ನು ಬರೆಯದ ವರದಿಯನ್ನು ಮೌಲ್ಯಮಾಪನಕ್ಕೇ ತೆಗೆದುಕೊಳ್ಳಬಾರದು ಎಂದು ನಮ್ಮ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಬರುವ ಸೆಮಿಸ್ಟರಿನೊಳಗೆ ನಿಯಮ ಮಾಡಬೇಕು.