ಜಠರದ ಉರಿಯೂತ: ಜಪಾನ್ ವಿಧಿಸಿದ ಒಂದು ಷರತ್ತು

2013ರ ಫೆಬ್ರವರಿಯಲ್ಲಿ ಜಪಾನ್ ಸರಕಾರವು ತನ್ನ ರಾಷ್ಟ್ರೀಯ ಆರೋಗ್ಯ ವಿಮೆಯ ವ್ಯಾಪ್ತಿಯನ್ನು ಹಿಗ್ಗಿಸಿತು. ಅಲ್ಲಿಯವರೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ನಿರ್ಮೂಲಗೊಳಿಸುವ ಚಿಕಿತ್ಸೆಗೆ ಹುಣ್ಣಿನಂಥ ಕೆಲವೇ ರೋಗಗಳಲ್ಲಿ ವಿಮೆಯ ನೆರವಿತ್ತು. ಅಂದಿನಿಂದ ಜಠರದ ದೀರ್ಘಕಾಲದ ಉರಿಯೂತಕ್ಕೂ, ಅಂದರೆ ಗ್ಯಾಸ್ಟ್ರೈಟಿಸ್‌ಗೂ, ಅದು ದೊರೆಯತೊಡಗಿತು. ಆದರೆ ಮೊದಲು ಎಂಡೋಸ್ಕೋಪಿಯಿಂದ ಉರಿಯೂತವು ಖಚಿತವಾಗಬೇಕು, ಅನಂತರವೇ ರೋಗಾಣುವಿನ ಪರೀಕ್ಷೆ ಮತ್ತು ಔಷಧ ಎಂಬ ಷರತ್ತಿತ್ತು.

ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರಿಗೆ ವಿಮೆಯ ಷರತ್ತೆಂದೊಡನೆ ಹಣ ಉಳಿಸುವ ಉಪಾಯದ ಶಂಕೆ ಮೂಡುವುದು ಸಹಜ. ಈ ಷರತ್ತಿನ ಪ್ರಯೋಜನ ಬೇರೆಯದೇ ಆಗಿದೆ. ಉಸಿರಿನ ಪರೀಕ್ಷೆಯು ರೋಗಾಣು ಇದೆಯೆಂದಷ್ಟೇ ತಿಳಿಸಬಲ್ಲದು. ಜಠರದ ಒಳಪದರ ಎಷ್ಟು ಸವೆದಿದೆ, ಅಲ್ಲಿ ಆಗಲೇ ಸಣ್ಣ ಗಡ್ಡೆಯೊಂದು ಅಡಗಿದೆಯೇ ಎಂಬುದು ನಳಿಕೆಯಿಳಿಸಿ ನೋಡದೆ ತಿಳಿಯದು. ರೋಗಾಣುವನ್ನು ಕೊಂದು ಗಡ್ಡೆಯನ್ನು ಬೆಳೆಯಬಿಡುವ ಅಪಾಯ ಇದರಿಂದ ತಗ್ಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯು ಈ ರೋಗಾಣುವನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿದ್ದು 1994ರಲ್ಲಿ. ಇದನ್ನು ಪತ್ತೆಹಚ್ಚಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ ನೊಬೆಲ್ ಬಂದದ್ದು 2005ರಲ್ಲಿ. ಸೋಂಕಿತರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಜಪಾನಿನಲ್ಲಿ 2010ರ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಮಂದಿ ಜಠರದ ಕ್ಯಾನ್ಸರ್‌ನಿಂದ ಸಾಯುತ್ತಿದ್ದರು. 2020ರಲ್ಲಿ ಆ ಸಂಖ್ಯೆ 42 ಸಾವಿರದಷ್ಟಿತ್ತು. ಇಳಿಕೆಯ ಶ್ರೇಯವೆಲ್ಲ ವಿಮೆಗೆ ಸಲ್ಲದು. ಶುಚಿಯಾದ ನೀರಿನ ಕಾಲದಲ್ಲಿ ಹುಟ್ಟಿದ ಪೀಳಿಗೆಯಲ್ಲಿ ಸೋಂಕೇ ಕಡಿಮೆ.

ಭಾರತದ ಲೆಕ್ಕ ವಿಚಿತ್ರ. ಸೋಂಕು ವ್ಯಾಪಕ, ಆದರೆ ಮಿಜೋರಾಂನಂಥ ಈಶಾನ್ಯ ಪ್ರದೇಶಗಳನ್ನು ಬಿಟ್ಟರೆ ಜಠರದ ಕ್ಯಾನ್ಸರ್ ಜಪಾನಿನಷ್ಟಿಲ್ಲ. ಆದ್ದರಿಂದ ಎಲ್ಲರಿಗೂ ಎಂಡೋಸ್ಕೋಪಿ ಎಂಬ ನೀತಿ ನಮಗೊಪ್ಪದು. ಆದರೆ ನಮ್ಮಲ್ಲಿ ನಡೆಯುತ್ತಿರುವುದು ಇನ್ನೊಂದು ಅತಿರೇಕ. ಮುಂಬಯಿಯಿರಲಿ, ಪುಣೆಯಿರಲಿ, ಹೊಟ್ಟೆಯ ಸಕಲ ಸಂಕಟಗಳಿಗೂ "ಗ್ಯಾಸ್ಟ್ರಿಕ್" ಎಂಬ ಒಂದೇ ಹೆಸರಿಟ್ಟು, ತಿಂಗಳುಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವ ಮನೆಗಳು ಹಲವು. ಆಮ್ಲ ತಗ್ಗಿಸುವ ಈ ಮಾತ್ರೆ ಆರಂಭದ ಕ್ಯಾನ್ಸರ್‌ನ ನೋವನ್ನೂ ಮರೆಮಾಚಬಲ್ಲದು. ಉಸಿರಿನ ಪರೀಕ್ಷೆಯಲ್ಲಿ ಸೋಂಕಿಲ್ಲವೆಂಬ ಸುಳ್ಳು ಫಲಿತಾಂಶವನ್ನೂ ತರಬಲ್ಲದು.

ತೂಕದ ಇಳಿಕೆ, ಕಪ್ಪು ಮಲ, ನುಂಗಲು ಕಷ್ಟ, ರಕ್ತಹೀನತೆ, ನಿಲ್ಲದ ವಾಂತಿ ಕಂಡಾಗ ಮಾತ್ರೆಯನ್ನು ನೆಚ್ಚಿ ಕೂರದೆ ಎಂಡೋಸ್ಕೋಪಿಗೆ ಹೋಗಬೇಕು. ವರದಿಯಲ್ಲಿ ಗ್ಯಾಸ್ಟ್ರೈಟಿಸ್ ಎಂಬ ಪದವೊಂದನ್ನೇ ಕಂಡು ಹೆದರುವುದು ಬೇಡ. ಬಯಾಪ್ಸಿ ತೆಗೆದಿದ್ದಾರೆಯೇ, ಒಳಪದರ ಸವೆದಿದೆಯೇ, ಕರುಳಿನ ಪದರದಂತೆ ಮಾರ್ಪಟ್ಟಿದೆಯೇ ಎಂದು ವೈದ್ಯರನ್ನು ಕೇಳಬಹುದು. ಹಾಗೆ ಮಾರ್ಪಟ್ಟಿದ್ದರೆ, ರೋಗಾಣು ನಿರ್ಮೂಲವಾದ ಮೇಲೂ ಮತ್ತೆ ಯಾವಾಗ ನೋಡಬೇಕೆಂದು ಅವರೇ ನಿಗದಿಪಡಿಸುತ್ತಾರೆ.