ಮಾಗಿಯ ಋಣ

ವಸಂತವನ್ನು ಹೊಗಳದ ಕವಿಯಿಲ್ಲ. ಆದರೆ ಅದನ್ನು ಬರಮಾಡಿಕೊಳ್ಳುವುದೆಂದರೇನು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಮೆ. ಇದಕ್ಕೆ ಕಾರಣವೂ ಉಂಟು. ಕನ್ನಡನಾಡಿನ ಮಾಗಿಯು ಸೌಮ್ಯವಾದುದು. ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವಾ’ ಎಂದು ಓಡಿಹೋಗುವುದೆಂದು ಹಿರಿಯರು ನಗುತ್ತ ಹೇಳುವರು. ಬೇಡದ ಅತಿಥಿಯು ಇಷ್ಟು ಸುಲಭವಾಗಿ ಎದ್ದುಹೋಗುವ ಮನೆಯಲ್ಲಿ, ಅವನ ಹಿಂದೆ ಬರುವವನ ಬೆಲೆ ತಿಳಿಯುವುದು ಕಷ್ಟ. ಅದನ್ನು ತಿಳಿಯಬೇಕಾದರೆ ಹಿಮದ ನಾಡಿನತ್ತ ನೋಡಬೇಕು.

ಕಾಶ್ಮೀರದ ಕಣಿವೆಯಲ್ಲಿ ಡಿಸೆಂಬರ್ 21ರಿಂದ ಮೊದಲಾಗುವ 40 ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎಂದು ಹೆಸರು. ಅದರ ಬೆನ್ನಿಗೇ 20 ದಿನಗಳ ‘ಚಿಲ್ಲೈ ಖುರ್ದ್’. ಅನಂತರ 10 ದಿನಗಳ ‘ಚಿಲ್ಲೈ ಬಚ್ಚಾ’. ದಾಲ್ ಸರೋವರದ ಭಾಗಗಳು ಹೆಪ್ಪುಗಟ್ಟುತ್ತವೆ. ನಲ್ಲಿಯ ನೀರು ಕಲ್ಲಾಗುತ್ತದೆ. ಬೇಸಗೆಯಲ್ಲಿ ಒಣಗಿಸಿಟ್ಟ ತರಕಾರಿ ಅಡಿಗೆಗೆ ಒದಗಿದರೆ, ನಿಲುವಂಗಿಯೊಳಗೆ ಹಿಡಿದ ‘ಕಾಂಗಡಿ’ಯ ಕೆಂಡವು ಮೈಗೆ ಒದಗುತ್ತದೆ. ‘ಚಿಲ್ಲ’ ಎಂಬ ಮಾತು ನಲವತ್ತು ಎಂಬರ್ಥದ ಪಾರಸಿ ಶಬ್ದದಿಂದ ಬಂದುದು. ಸೂಫಿ ಸಾಧಕರು ಏಕಾಂತದಲ್ಲಿ ನಡೆಸುವ 40 ದಿನಗಳ ವ್ರತಕ್ಕೂ ಅದೇ ಹೆಸರು. ಚಳಿಗೂ ತಪಸ್ಸಿಗೂ ಒಂದೇ ಹೆಸರಾದುದು ಬರಿಯ ಎಣಿಕೆಯ ಸಾಮ್ಯವಿರಬಹುದು. ಆದರೂ ಅದು ವಿಚಾರಕ್ಕೆ ಎಡೆಕೊಡುತ್ತದೆ.

ವಸಂತವನ್ನು ಚಳಿಯನ್ನು ಗೆದ್ದು ಬರುವ ವೀರನೆಂದು ಬಣ್ಣಿಸುವುದು ವಾಡಿಕೆ. ಶ್ರೀನಗರದಲ್ಲಿ ಹರಿಪರ್ವತದ ತಪ್ಪಲಲ್ಲಿರುವ ಬಾದಾಮಿ ಮರಗಳ ತೋಟವು ಬೇರೆ ಮಾತನ್ನು ಹೇಳುತ್ತದೆ. ಮಾರ್ಚ್ ತಿಂಗಳಲ್ಲಿ, ಎಲೆ ಮೂಡುವ ಮೊದಲೇ, ಬರಿಗೊಂಬೆಗಳು ಹೂವಿನಿಂದ ತುಂಬುತ್ತವೆ. ಆ ಮೊಗ್ಗುಗಳು ಹಿಂದಿನ ವರ್ಷವೇ ಮೂಡಿ ನಿದ್ರಿಸುತ್ತಿದ್ದವು. ತಕ್ಕಷ್ಟು ಕಾಲ ಶೀತವನ್ನು ಉಂಡ ಹೊರತು ಅವು ಸರಿಯಾಗಿ ಅರಳಲಾರವು. ಚಳಿ ಸಾಲದಾದರೆ ಹೂವೂ ಕುಂದುತ್ತದೆ. ಅಂದಮೇಲೆ ವಸಂತವು ಮಾಗಿಗೆ ಋಣಿಯೇ ಹೊರತು ವೈರಿಯಲ್ಲ.

ಈ ಋಣವನ್ನು ಕಾಶ್ಮೀರದ ಪಂಡಿತರು ತಮ್ಮ ‘ನವರೇಹ್’ ಹಬ್ಬದಲ್ಲಿ ಸಲ್ಲಿಸುವಂತೆ ತೋರುತ್ತದೆ. ಅದು ನಮ್ಮ ಯುಗಾದಿಯ ದಿನವೇ, ಚೈತ್ರ ಶುದ್ಧ ಪಾಡ್ಯಮಿ. ಹಿಂದಿನ ರಾತ್ರಿಯೇ ತಟ್ಟೆಯಲ್ಲಿ ಅಕ್ಕಿಯನ್ನು ತುಂಬಿ, ಅಕ್ರೋಟು, ಮೊಸರು, ಉಪ್ಪು, ನಾಣ್ಯ, ಲೇಖನಿ, ಕನ್ನಡಿ, ಹೊಸ ಪಂಚಾಂಗ, ಹೂವುಗಳನ್ನು ಅಣಿಗೊಳಿಸುವರು. ಜೊತೆಗೆ ಕಹಿಯಾದ ಒಂದು ಮೂಲಿಕೆ. ಬೆಳಗ್ಗೆ ಕಣ್ದೆರೆದೊಡನೆ ಮೊದಲು ಕಾಣಬೇಕಾದುದು ಆ ತಟ್ಟೆ. ಹಳೆಯ ವರ್ಷದ ಕೊನೆಯ ಕತ್ತಲೆಯಲ್ಲಿ, ಬೆಳಕು ಬರುವ ಮುನ್ನವೇ, ಸ್ವಾಗತವು ಸಿದ್ಧವಾಗಿರುತ್ತದೆ. ಅದರಲ್ಲಿ ಕಹಿಗೂ ಸ್ಥಳವುಂಟು.

ಆದರೆ ಇಲ್ಲಿ ಎಚ್ಚರ ಅವಶ್ಯ. ಬೆಚ್ಚಗೆ ಕುಳಿತವನು ಚಳಿಯ ಗುಣಗಾನ ಮಾಡುವುದು ಸುಲಭ. 1990ರಲ್ಲಿ ಭಯದಿಂದ ಕಣಿವೆಯನ್ನು ತೊರೆದ ಸಾವಿರಾರು ಪಂಡಿತ ಕುಟುಂಬಗಳ ಮಾಗಿಯು ಪಂಚಾಂಗದ ಮಾಗಿಯಲ್ಲ. ತಿಂಗಳು ಕಳೆದರೆ ಕರಗುವಂಥದಲ್ಲ. ಕಷ್ಟವು ನಿಮ್ಮನ್ನು ಅರಳಿಸುವುದೆಂದು ಅವರಿಗೆ ಬೋಧಿಸುವುದು ಕ್ರೌರ್ಯವಾದೀತು. ಮರದ ಧರ್ಮವನ್ನು ಮನುಷ್ಯರು ಮಾಡಿದ ಅನ್ಯಾಯಕ್ಕೆ ಅನ್ವಯಿಸಲಾಗದು. ತನ್ನ ಚಳಿಯನ್ನು ತಪಸ್ಸೆಂದು ಕರೆಯುವ ಅಧಿಕಾರ ಅದನ್ನು ಉಂಡವನಿಗೆ ಮಾತ್ರ ಸಲ್ಲುತ್ತದೆ.

ಆದರೂ ಜಮ್ಮುವಿನಲ್ಲಿ, ದೆಹಲಿಯಲ್ಲಿ, ನಮ್ಮ ಬೆಂಗಳೂರಿನಲ್ಲಿ ಸಹ, ಹಿಮವೇ ಬೀಳದ ಊರುಗಳಲ್ಲಿ, ಅವರು ಆ ರಾತ್ರಿ ತಟ್ಟೆಯನ್ನು ಅಣಿಗೊಳಿಸುತ್ತಾರೆ. ಬಾದಾಮಿಯ ಹೂವು ಕಣ್ಣಿಗೆ ಕಾಣದು. ಆದರೂ ವಸಂತಕ್ಕೆ ಸ್ವಾಗತವುಂಟು. ಇದರ ಆಧ್ಯಾತ್ಮಿಕ ಅರ್ಥವು ನನಗೆ ಹೀಗೆ ತೋರುತ್ತದೆ: ಋತುವು ತಾನಾಗಿ ಬರುತ್ತದೆ, ಇಲ್ಲವೆ ಬಾರದೆ ಉಳಿಯುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಕತ್ತಲೆಯಲ್ಲಿದ್ದಾಗಲೇ ನಾಳೆಯ ಮೊದಲ ನೋಟವನ್ನು ಸಿದ್ಧಗೊಳಿಸುವುದು, ಅದರಿಂದ ಕಹಿಯನ್ನು ಹೊರಗಿಡದಿರುವುದು, ಇಷ್ಟು ಮಾತ್ರ ನಮ್ಮದು.

ಬೇವುಬೆಲ್ಲವನ್ನು ಸವಿಯುವ ನಾವು ಈ ಮಾತನ್ನು ಅರಿಯದವರೇನೂ ಅಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಬಟ್ಟಲಲ್ಲಿ ಬೆಲ್ಲವು ಹೆಚ್ಚಿ, ಬೇವು ಹೆಸರಿಗಷ್ಟೇ ಉಳಿಯುತ್ತಿದೆ. ಮುಂದಿನ ಯುಗಾದಿಗೆ ಬೇವಿನ ಹೂವನ್ನು ಇನ್ನೊಂದಿಷ್ಟು ಬೆರೆಸಿ ನೋಡಬಾರದೆ?